ಮಾವನ ಅಟ್ಟದಲ್ಲಿ ಮೂರು ಹಳೇ ಕಂಪ್ಯೂಟರ್ ಸಿಕ್ಕಿವೆ, ಯಾವ ಮಾಡೆಲ್ ಅಂತ ಗುರುತು ಹಿಡಿದು ಹೇಳಿ

ಕೋಥ್ರೂಡ್_ಗೋಪಿ, ಪುಣೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಸೋದರಮಾವ ಸದಾಶಿವ ಪೇಟೆಯಲ್ಲಿ ಟೈಪಿಂಗ್ ಮತ್ತು ಲೆಕ್ಕ ಬರೆಯುವ ಕೆಲಸ ಮಾಡುತ್ತಿದ್ದರು. ಮೂಲ ಧಾರವಾಡ, ಆದರೆ ಆಯುಷ್ಯವೆಲ್ಲ ಪುಣೆಯಲ್ಲೇ ಕಳೆಯಿತು. ಹೋದ ವರ್ಷ ತೀರಿಕೊಂಡರು. ಈಗ ಅವರ ಬಿಲ್ಡಿಂಗ್ ಕೆಡವಿ ಹೊಸದು ಕಟ್ಟುತ್ತಾರಂತೆ, ತಿಂಗಳ ಕೊನೆಯೊಳಗೆ ಮನೆ ಖಾಲಿ ಮಾಡಬೇಕು. ಭಾನುವಾರ ಅಟ್ಟದ ಸಾಮಾನು ಇಳಿಸಿದೆವು. ತಾಮ್ರದ ಹಂಡೆ, ಹಳೇ ಗಾದಿ, ಗಣಪತಿ ಮಂಟಪದ ಥರ್ಮೋಕೋಲ್, ಅದರ ಹಿಂದೆ ಬೆಡ್‌ಶೀಟ್ ಸುತ್ತಿಟ್ಟ ಮೂರು ಕಂಪ್ಯೂಟರ್. ಮೂರೂ ಕಂಪ್ಯೂಟರ್ ಹೌದೋ ಅಲ್ಲವೋ ಅಂತ ನನಗೇ ಡೌಟ್ ಇದೆ.

ಮೊದಲನೆಯದು ಕಪ್ಪಗೆ, ಚಪ್ಪಟೆ. ಬರೀ ಕೀಬೋರ್ಡ್ ಥರ ಕಾಣುತ್ತದೆ. ಒಂದೊಂದು ಕೀ ಮೇಲೂ ನಾಲ್ಕೈದು ಪದ ಅಚ್ಚಾಗಿವೆ, ಬಲಗಡೆ ಮೂಲೆಯಲ್ಲಿ ಬಣ್ಣಬಣ್ಣದ ಓರೆ ಪಟ್ಟೆ. ಸ್ಪೆಕ್ಟ್ರಮ್ ಪ್ಲಸ್ ಅಂತ ಬರೆದಿದೆ, ಜೊತೆಗೆ ಡಿಬಿ ಅಂತ ಗುರುತು. ಅಡಾಪ್ಟರ್ ಇಲ್ಲ.

ಎರಡನೆಯದು ಬಿಳಿ ಕೀಬೋರ್ಡ್. ಮೇಲೆ ಕ್ಯಾಸೆಟ್ ಸಿಕ್ಕಿಸುವ ಸೀಳು, ಮುಂದೆ ಜಾಯ್‌ಸ್ಟಿಕ್ ಹಾಕಲು ಎರಡು ಕಡೆ ಜಾಗ. ಇದು ಮಾವನ ಮಗನದು, ಅವನು ಸಣ್ಣವನಿದ್ದಾಗ 'ನಮ್ಮ ಮನೆಯಲ್ಲಿ ಕಂಪ್ಯೂಟರ್ ಇದೆ' ಅಂತ ನಮ್ಮೆಲ್ಲರ ಹೊಟ್ಟೆ ಉರಿಸುತ್ತಿದ್ದ.

ಮೂರನೆಯದು ದೊಡ್ಡ ಕಬ್ಬಿಣದ ಪೆಟ್ಟಿಗೆ, ಇಬ್ಬರು ಸೇರಿ ಇಳಿಸಿದೆವು. ಮುಂದೆ ಅಗಲ ಫ್ಲಾಪಿ ಹಾಕುವ ಎರಡು ಬಾಯಿ, ಒಂದು ಟರ್ಬೋ ಬಟನ್. ಜೆನಿತ್ ಅಂತ ಬ್ಯಾಡ್ಜ್. ನೆಟ್ಟಿನಲ್ಲಿ ಹುಡುಕಿದರೆ ಅಮೆರಿಕದ ಜೆನಿತ್ ಡೇಟಾ ಸಿಸ್ಟಮ್ಸ್ ಬರುತ್ತದೆ, ಸಿಕ್ಕಾಪಟ್ಟೆ ಮಾಡೆಲ್, ಯಾವುದಕ್ಕೂ ಹೋಲುತ್ತಿಲ್ಲ. ಇದರ ಕೀಬೋರ್ಡ್ ಮೇಲೆ ಯಾರೋ ಕನ್ನಡ ಅಕ್ಷರದ ಚೀಟಿ ಅಂಟಿಸಿದ್ದಾರೆ, ಅರ್ಧ ಉದುರಿವೆ. ಜೊತೆಗೆ ಒಂದು ಬಿಸ್ಕಿಟ್ ಡಬ್ಬಿ ತುಂಬ ಫ್ಲಾಪಿ.

ಭಂಗಾರ್‌ವಾಲಾ, ಅಂದರೆ ಗುಜರಿಯವನು, ಎಲ್ಲ ಸೇರಿಸಿ 600 ರೂಪಾಯಿ ಹೇಳಿದ್ದಾನೆ. 'ಕೊಟ್ಟುಬಿಡು, ಧೂಳು ಸಾಕಾಯಿತು' ಅಂತಾರೆ ಅತ್ತೆ. ನಾನು ಎರಡು ದಿನ ಟೈಮ್ ಕೇಳಿದ್ದೇನೆ. ಸಂಜೆ ಪ್ಲಗ್ ಹಾಕಿ ಆನ್ ಆಗುತ್ತದಾ ನೋಡೋಣ ಅಂತಿದ್ದೇನೆ. ನೀವೇನು ಹೇಳುತ್ತೀರಿ?

ಲ್ಯಾಮಿಂಗ್ಟನ್_ರಾವ್, ಡೊಂಬಿವಲಿ

ಪ್ಲಗ್ ಹಾಕಬೇಡಿ ಮಾರಾಯ್ರೇ! ಮಿಕ್ಕಿದ್ದು ನಿಧಾನಕ್ಕೆ ಓದಿದರೂ ಆಗುತ್ತದೆ, ಇದನ್ನು ಮೊದಲು ಓದಿ. ವರ್ಷಗಟ್ಟಲೆ ಕರೆಂಟ್ ಕಾಣದ ಪವರ್ ಸಪ್ಲೈಗೆ ಏಕಾಏಕಿ 230 ವೋಲ್ಟ್ ಬಿಟ್ಟರೆ ಒಳಗಿನ ಕೆಪಾಸಿಟರ್ ಅನ್ನುವ ಬಿಡಿಭಾಗ ಸಿಡಿಯಬಹುದು. ಅದೊಂದೇ ಸಿಡಿದರೆ ಪರವಾಗಿಲ್ಲ, ಕೆಲವು ಸಲ ಬೋರ್ಡನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ.

ನಾನು 1986ರಿಂದ ಮುಂಬೈಯ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ಟಾದ ಲ್ಯಾಮಿಂಗ್ಟನ್ ರೋಡಿನಲ್ಲಿ ರಿಪೇರಿ ಕೆಲಸ ಮಾಡಿದವನು. ಈಗ ಮನೆಯಲ್ಲಿ ಕೂತು, ಸೊಸೆಯ ಹತ್ತಿರ ಬೈಸಿಕೊಳ್ಳುತ್ತಾ, ಇಂಥವನ್ನೇ ಗುಡ್ಡೆ ಹಾಕಿದ್ದೇನೆ.

ಕಪ್ಪು ಪೆಟ್ಟಿಗೆ ಸುಲಭ. ಬ್ರಿಟನ್ನಿನ ಸಿಂಕ್ಲೇರ್ ಕಂಪನಿ 1982ರಲ್ಲಿ ರಬ್ಬರ್ ಕೀ ಇದ್ದ ಸ್ಪೆಕ್ಟ್ರಮ್ ತಂದಿತು. 1984ರಲ್ಲಿ ಹೆಚ್ಚುಕಮ್ಮಿ ಅದೇ ಬೋರ್ಡಿಗೆ ಗಟ್ಟಿ ಪ್ಲಾಸ್ಟಿಕ್ ಕೀ ಹಾಕಿ, ಪಕ್ಕಕ್ಕೆ ಒಂದು ರಿಸೆಟ್ ಗುಂಡಿ ಕೊಟ್ಟು, ಪ್ಲಸ್ ಅಂತ ಕರೆಯಿತು. ಒಳಗೆ ಝಡ್80 ಚಿಪ್, 3.5 ಮೆಗಾಹರ್ಟ್ಸ್, 48 ಕೆ ಮೆಮೊರಿ. ಡಿಬಿ ಅಂದರೆ ಡೆಸಿಬೆಲ್ಸ್, ಲೈಸೆನ್ಸ್ ತೆಗೆದುಕೊಂಡು ನಮ್ಮ ದೇಶದಲ್ಲಿ ಮಾರಿದವರು. ಹೊರದೇಶದ ಸ್ಪೆಕ್ಟ್ರಮ್ ದುಡ್ಡು ಕೊಟ್ಟರೆ ಸಿಗುತ್ತದೆ, ಡಿಬಿ ಗುರುತಿನದು ಸಿಗಬೇಕಾದರೆ ಹೀಗೆ ಯಾರದೋ ಅಟ್ಟದಿಂದಲೇ ಇಳಿಯಬೇಕು. ಅದಕ್ಕೇ ಅದನ್ನು ಕೊಡಬೇಡಿ.

ಅದಕ್ಕೆ ಅಡಾಪ್ಟರ್ ಹುಡುಕುವಾಗ ಒಂದು ವಿಷಯ. 9 ವೋಲ್ಟ್ ಅಂತ ಯಾವುದೋ ಒಂದನ್ನು ತಂದು ಚುಚ್ಚಬೇಡಿ. ಇವತ್ತು ಅಂಗಡಿಯಲ್ಲಿ ಸಿಗುವ ಬಹಳಷ್ಟು ಅಡಾಪ್ಟರ್‌ಗಳಲ್ಲಿ ಪಿನ್ನಿನ ಒಳಗಡೆ ಪ್ಲಸ್, ಹೊರಗಡೆ ಮೈನಸ್. ಸ್ಪೆಕ್ಟ್ರಮ್‌ಗೆ ಉಲ್ಟಾ, ಒಳಗಡೆ ಮೈನಸ್. ಪಿನ್ ಮಾತ್ರ ಸಲೀಸಾಗಿ ಕೂರುತ್ತದೆ, ಅದೇ ಮೋಸ.

ಎರಡನೆಯದು ಕಂಪ್ಯೂಟರ್ ಅಲ್ಲ, ನಿಮ್ಮ ಮಾವನ ಮಗನಿಗೆ ಈಗ ಹೇಳಿಬಿಡಿ, ಹಳೇ ಸೇಡು ತೀರುತ್ತದೆ. ಸೀಳಿನ ಒಳಗೆ ಟಾರ್ಚ್ ಬಿಟ್ಟು ಹಿತ್ತಾಳೆ ಪಿನ್ ಎಣಿಸಿ. ಒಂದೊಂದು ಕಡೆ 30, ಒಟ್ಟು 60 ಬಂದರೆ ಅದು ನಿಂಟೆಂಡೋ 1983ರಲ್ಲಿ ಜಪಾನಿನಲ್ಲಿ ತಂದ ಫ್ಯಾಮಿಕಾಮ್ ವಿಡಿಯೋ ಗೇಮಿನ ನಕಲು. ತಂದೆತಾಯಿ ದುಡ್ಡು ಬಿಚ್ಚಲಿ ಅಂತ ಕೀಬೋರ್ಡ್ ಅಂಟಿಸಿ, ಟೈಪಿಂಗ್ ಕಲಿಸುವ ಒಂದು ಕ್ಯಾಸೆಟ್ ಕೊಟ್ಟು ಮಾರುತ್ತಿದ್ದರು. ಈಗ ಓಎಲ್‌ಎಕ್ಸ್‌ನಲ್ಲಿ ಇದನ್ನೇ 'ಅಪರೂಪದ ಹೋಮ್ ಕಂಪ್ಯೂಟರ್' ಅಂತ ಹಾಕುವವರಿದ್ದಾರೆ. ಮಕ್ಕಳು ಆಡಲಿ, ಒಳ್ಳೆಯದೇ. ಸಂಗ್ರಹ ಅಂತ ಅದಕ್ಕೆ ದುಡ್ಡು ಸುರಿಯಬೇಡಿ.

ಮೂರನೆಯದರಲ್ಲಿ ಎಲ್ಲರೂ ಎಡವುತ್ತಾರೆ. ಅಮೆರಿಕದ ಜೆನಿತ್ ಟಿವಿ ಕಂಪನಿ, ಅವರ ಕಂಪ್ಯೂಟರ್ ವಿಭಾಗವನ್ನು 1989ರಲ್ಲಿ ಫ್ರಾನ್ಸಿನ ಬುಲ್ ಕೊಂಡುಕೊಂಡಿತು. ನಿಮ್ಮ ಹತ್ತಿರ ಇರುವುದು ನಮ್ಮ ಮುಂಬೈಯ ಜೆನಿತ್ ಕಂಪ್ಯೂಟರ್ಸ್‌ನದು ಇರಬೇಕು. ಹೆಸರೊಂದೇ, ಸಂಬಂಧ ಇಲ್ಲ. ಐಬಿಎಂ 1978ರಲ್ಲಿ ದೇಶ ಬಿಟ್ಟು ಹೋಯಿತಲ್ಲ, ಮತ್ತೆ ಟಾಟಾ ಜೊತೆ ಸೇರಿ ಬಂದಿದ್ದು 1992ರಲ್ಲಿ. ಪಿಸಿ ಹುಟ್ಟಿ ಬೆಳೆದಿದ್ದು ಆ ನಡುವಿನ ವರ್ಷಗಳಲ್ಲೇ. ಹಾಗಾಗಿ ಇಲ್ಲಿ ಆಫೀಸಿಗೆ ಹೊಕ್ಕಿದ್ದೆಲ್ಲ ಎಚ್‌ಸಿಎಲ್‌ನ ಬ್ಯುಸಿಬೀ, ವಿಪ್ರೋ, ಜೆನಿತ್, ಸ್ಟರ್ಲಿಂಗ್‌ನ ಶಿವಾ, ಇಂಥವೇ. ಜೊತೆಗೆ ಬೇರೆ ಬೇರೆ ಪಾರ್ಟ್ಸ್ ತಂದು ಜೋಡಿಸಿ ಸ್ಟಿಕರ್ ಹಚ್ಚಿದವು ಲೆಕ್ಕವಿಲ್ಲ. ಅದಕ್ಕೇ ಮುಂದಿನ ಬ್ಯಾಡ್ಜ್ ನೋಡಿ ಮಾಡೆಲ್ ಹೇಳಲು ಆಗುವುದಿಲ್ಲ.

ಮುಚ್ಚಳ ತೆಗೆಯಿರಿ. ಹಿಂದೆ ನಾಲ್ಕೈದು ಸ್ಕ್ರೂ ಇರುತ್ತವೆ. ಕಾರ್ಡ್ ಸಿಕ್ಕಿಸುವ ಸ್ಲಾಟ್ ಎಷ್ಟು, ದೊಡ್ಡ ಚಿಪ್ಪಿನ ಮೇಲೆ ಏನು ಬರೆದಿದೆ, ತಗಡಿನ ಡಬ್ಬಿಯಂಥ ಪುಟ್ಟ ಕ್ರಿಸ್ಟಲ್ ಮೇಲೆ ಯಾವ ನಂಬರ್ ಇದೆ, ಬರೆದುಕೊಳ್ಳಿ. ಚಿಪ್ಪಿನ ಮೇಲೆ ನಾಲ್ಕಂಕಿಯ ನಂಬರ್ ಇದ್ದರೆ ಮೊದಲ ಎರಡು ವರ್ಷ, ಆಮೇಲಿನ ಎರಡು ವಾರ. 8532 ಅಂದರೆ 1985ರ 32ನೇ ವಾರ. ಒಂದು ಚಿಪ್ಪಿನ ಮೇಲೆ ಕಾಗದದ ಸ್ಟಿಕರ್ ಇರುತ್ತದೆ, ಅದನ್ನು ಕೀಳಬೇಡಿ. ಅದರ ಅಡಿಯಲ್ಲಿ ಗಾಜಿನ ಕಿಟಕಿ ಇದೆ. ಬಿಸಿಲು ತಾಗುತ್ತಾ ಇದ್ದರೆ ಒಳಗಿನ ಬಯೋಸ್, ಅಂದರೆ ಮಷೀನನ್ನು ಶುರು ಮಾಡುವ ಪ್ರೋಗ್ರಾಮ್, ಅಳಿಸಿ ಹೋಗುತ್ತದೆ.

ವಾಸ್ಕೋ_ಮಳೆಗಾಲ, ಗೋವಾ

ರಾವ್ ಸರ್ ಹೇಳಿದ ಕೆಪಾಸಿಟರ್ ಮಾತಿಗೆ ನನ್ನದೊಂದು ಸಾಕ್ಷಿ.

ಮೂರು ವರ್ಷದ ಹಿಂದೆ ಇಲ್ಲೊಂದು ಸ್ಕೂಲು ಹಳೇ ಸಾಮಾನು ತೆಗೆಯುತ್ತಿತ್ತು. ಮುರಿದ ಬೆಂಚಿನ ಕೆಳಗೆ ಕಂದು ಬಣ್ಣಕ್ಕೆ ತಿರುಗಿದ ದಪ್ಪ ಕೀಬೋರ್ಡ್, ಮೇಲಿನ ಸಾಲಿನಲ್ಲಿ ಕೆಂಪು ಕಿತ್ತಳೆ ಬಣ್ಣದ ಹತ್ತು ಕೀ. ಆ ಕೆಂಪು ಕೀ ನೋಡಿದ ತಕ್ಷಣ ಎದೆ ಧಸಕ್ಕೆಂದಿತು, ಬಿಬಿಸಿ ಮೈಕ್ರೋ! ನಾನು ಏಳನೇ ಕ್ಲಾಸಿನಲ್ಲಿ ಕಾರವಾರದಲ್ಲಿ ಮೊದಲು ಮುಟ್ಟಿದ ಕಂಪ್ಯೂಟರ್ ಅದು. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಕಾಲು ತೊಳೆದು ಒಳಗೆ ಹೋಗಬೇಕಿತ್ತು. ದೇವಸ್ಥಾನಕ್ಕೂ ಅಷ್ಟು ಶುದ್ಧವಾಗಿ ಹೋಗುತ್ತಿರಲಿಲ್ಲ.

ಇದರ ಕಥೆ ಗೊತ್ತಿಲ್ಲದವರಿಗೆ: ಆಕಾರ್ನ್ ಕಂಪನಿ 1981ರ ಕೊನೆಗೆ ತಂದ ಮಷೀನು, 6502 ಚಿಪ್, 2 ಮೆಗಾಹರ್ಟ್ಸ್. ನಮ್ಮಲ್ಲಿ 1984-85ರಲ್ಲಿ ಕ್ಲಾಸ್ ಅಂತ ಸರ್ಕಾರದ ಯೋಜನೆ ಶುರುವಾಗಿ ಶಾಲೆಗಳಿಗೆ ಇದನ್ನು ಕೊಟ್ಟರು. ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್‌ನವರು ಇದನ್ನೇ ಇಲ್ಲಿ ಜೋಡಿಸಿ ಯೂನಿಕಾರ್ನ್ ಅಂತ ಹೆಸರಿಟ್ಟರು. ಹಾಗಾಗಿ ನಿಮಗೆ ಯೂನಿಕಾರ್ನ್ ಬ್ಯಾಡ್ಜ್ ಕಂಡರೆ ಯಾವುದೋ ಲೋಕಲ್ ನಕಲು ಅಂತ ಬಿಟ್ಟು ಬರಬೇಡಿ. ಮಾಡೆಲ್ ಎ ಆದರೆ 16 ಕೆ, ಬಿ ಆದರೆ 32 ಕೆ. ಆನ್ ಆದಾಗ ತೆರೆಯ ಮೇಲೆ 32 ಕೆ ಅಂತ ಅದೇ ಹೇಳುತ್ತದೆ.

ಸರಿ, ಮನೆಗೆ ತಂದೆ. ಪುಸ್ತಕ ಓದದವನ ಹಾಗೆ ನೇರ ಪ್ಲಗ್ ಹಾಕಿದೆ. 'ಬೂ... ಬೀಪ್' ಅಂತ ಅದೇ ಹಳೇ ಎರಡು ಸ್ವರ! ಹೆಂಡತಿಯನ್ನು ಕೂಗಿ ಕರೆದೆ, ನೋಡು ಬಾ, ಮೂವತ್ತೈದು ವರ್ಷ ಆದರೂ ಬದುಕಿದೆ ಅಂತ. ಅವಳು ಬಂದು ನಿಲ್ಲುವುದಕ್ಕೂ ಹಿಂದಿನ ಸಂದಿಯಿಂದ ಬಿಳೀ ಹೊಗೆ ಬರುವುದಕ್ಕೂ ಸರಿಹೋಯಿತು. ಆ ವಾಸನೆ ಇದೆಯಲ್ಲ, ಕೊಳೆತ ಮೀನು ಸುಟ್ಟ ಹಾಗೆ, ಎರಡು ದಿನ ಪರದೆಯಲ್ಲಿ ಕೂತಿತ್ತು. ಬಿಚ್ಚಿ ನೋಡಿದರೆ ಪವರ್ ಸಪ್ಲೈ ಒಳಗೆ ಜೇನಿನ ಬಣ್ಣದ, ಆಚೆ ಈಚೆ ಕಾಣುವಂಥ ಪ್ಲಾಸ್ಟಿಕ್ ಕವಚದ ಕೆಪಾಸಿಟರ್ ಬಿರಿದಿತ್ತು. ಅದರ ಒಳಗೆ ಕಾಗದ ಇರುತ್ತದೆ. ಕವಚದಲ್ಲಿ ಕೂದಲಿನಷ್ಟು ಸಣ್ಣ ಬಿರುಕು ಬಿದ್ದರೆ ಸಾಕು, ಗಾಳಿಯ ತೇವ ಎಳೆದುಕೊಳ್ಳುತ್ತದೆ. ನಮ್ಮ ವಾಸ್ಕೋದ ಮಳೆಗಾಲದಲ್ಲಿ ಅದಕ್ಕೆ ಊಟಕ್ಕೆ ಏನು ಕಮ್ಮಿ. ಪುಣ್ಯಕ್ಕೆ ಬೋರ್ಡಿಗೆ ಏನೂ ಆಗಲಿಲ್ಲ. ಎರಡು ಹೊಸ ಕೆಪಾಸಿಟರ್, ನೂರು ರೂಪಾಯಿ ಒಳಗೆ ಮುಗಿಯಿತು.

ಗೋಪಿ ಅವರೇ, ಫ್ಲಾಪಿಗಳನ್ನು ಬೆಳಕಿಗೆ ಹಿಡಿದು ನೋಡಿ. ಉದ್ದನೆ ಕಿಂಡಿಯಲ್ಲಿ ತಟ್ಟೆ ಕಾಣುತ್ತದಲ್ಲ, ಅದರ ಮೇಲೆ ಬಿಳೀ ಚುಕ್ಕೆ, ಬೂಸ್ಟು ಇದ್ದರೆ ಡ್ರೈವಿಗೆ ಹಾಕಲೇಬೇಡಿ. ಒಂದು ಬೂಸ್ಟು ಹಿಡಿದ ಫ್ಲಾಪಿ ಹಾಕಿ ಹೆಡ್ಡು ಕೊಳೆ ಮಾಡಿ, ಅದೇ ಡ್ರೈವಿಗೆ ಚೆನ್ನಾಗಿದ್ದ ನಾಲ್ಕು ಹಾಕಿ, ನಾಲ್ಕನ್ನೂ ಕೆರೆಸಿಕೊಂಡವನು ನಾನು.

ಚೋರ್‌ಬಜಾರ್_ಸೇಠ್, ಮುಂಬೈ

ಎಲ್ಲರೂ ಭಾವುಕರಾಗಿದ್ದೀರಿ, ನಾನು ವ್ಯವಹಾರ ಹೇಳುತ್ತೇನೆ. ಶುಕ್ರವಾರ ಬೆಳಗ್ಗೆ ಚೋರ್ ಬಜಾರ್ ಸುತ್ತಿ ಸಾಮಾನು ಎತ್ತಿ ಮಾರುವವನು ನಾನು. ಸ್ಪೆಕ್ಟ್ರಮ್ ಇಟ್ಟುಕೊಳ್ಳಿ ಅಥವಾ ನನಗೆ ಕೊಡಿ. ಜೆನಿತ್ ಡಬ್ಬಿಗೆ ಗಿರಾಕಿ ಇಲ್ಲ. ಐಬಿಎಂನ ಎಕ್ಸ್‌ಟಿ ಮಾಡೆಲ್ ನಕಲು ಮಾಡಿದ ಇಂಥ ಡಬ್ಬಿ ಇಪ್ಪತ್ತು ನೋಡಿದ್ದೇನೆ, ಇಪ್ಪತ್ತೂ ಒಂದೇ. ಐಬಿಎಂ ಅಂತ ಬ್ಯಾಡ್ಜ್ ಇದ್ದರೆ ಮಾತು ಬೇರೆ.

ಕೀಬೋರ್ಡ್ ಮಾತ್ರ ಉಲ್ಟಾ ಮಾಡಿ ನೋಡಿ. ಅಡಿಯಲ್ಲಿ ಐಬಿಎಂ ಚೀಟಿ, 1391401 ಅಂತ ಪಾರ್ಟ್ ನಂಬರ್ ಇದ್ದರೆ ಅದು ಮಾಡೆಲ್ ಎಂ. ಒತ್ತಿದರೆ ಒಳಗೆ ಸ್ಪ್ರಿಂಗ್ ಬಾಗಿ ಟಕ್ ಅಂತ ಜೋರಾಗಿ ಶಬ್ದ ಬರುತ್ತದೆ. ಅದಕ್ಕೆ ಇವತ್ತಿಗೂ ಹುಡುಗರು ಕೈಯಲ್ಲಿ ದುಡ್ಡು ಹಿಡಿದು ನಿಲ್ಲುತ್ತಾರೆ. ಮಿಕ್ಕಿದ್ದು ತೂಕಕ್ಕೆ.

ಲ್ಯಾಮಿಂಗ್ಟನ್_ರಾವ್, ಡೊಂಬಿವಲಿ

ಸೇಠ್, ಇಪ್ಪತ್ತೂ ಒಂದೇ ಅಂತ ಮುಚ್ಚಳ ತೆಗೆದು ಹೇಳಿದಿರೋ ಹೊರಗಿನಿಂದಲೋ? ನಾನು ಅಂಥದೇ ಒಂದು ಡಬ್ಬಿಯಿಂದ ಪೂರ್ತಿ ಬೇರೆ ದೇಶದ ಬೋರ್ಡ್ ತೆಗೆದಿದ್ದೇನೆ.

ಮತ್ತೆ ಐಬಿಎಂ ಬ್ಯಾಡ್ಜ್ ನಂಬಿ ಮೋಸ ಹೋಗಬೇಡಿ. ಬ್ಯಾಡ್ಜ್ ಅಂಟಿಸಲು ಎರಡು ನಿಮಿಷ ಸಾಕು. 1981ರ ಮೊದಲ ಐಬಿಎಂ ಪಿಸಿ, 5150, ಅದರಲ್ಲಿ ಸ್ಲಾಟ್ ಐದೇ, ಹಿಂದೆ ಕೀಬೋರ್ಡ್ ತೂತಿನ ಪಕ್ಕ ಅದೇ ಥರದ ಇನ್ನೊಂದು ತೂತು ಇರುತ್ತದೆ, ಟೇಪ್‌ರೆಕಾರ್ಡರ್ ಜೋಡಿಸಲು. 1983ರ ಎಕ್ಸ್‌ಟಿ, 5160, ಅದಕ್ಕೆ ಎಂಟು ಸ್ಲಾಟ್, ಟೇಪಿನ ತೂತು ಇಲ್ಲ. ಪವರ್ ಸಪ್ಲೈ ಮೇಲಿನ ಚೀಟಿಯೂ ಹೇಳುತ್ತದೆ, ಮೊದಲನೆಯದಕ್ಕೆ 63.5 ವಾಟ್, ಎಕ್ಸ್‌ಟಿಗೆ 130. ಇಷ್ಟು ನೋಡದೆ ಒಬ್ಬರು ಮಹನೀಯರು ಎಕ್ಸ್‌ಟಿಯನ್ನು ಮೊದಲ ಪಿಸಿ ಅಂತ ಕೊಂಡು ತಂದು ನನ್ನ ಮೇಜಿನ ಮೇಲೆ ಇಟ್ಟಿದ್ದರು. ಆ ಮುಖಕ್ಕೆ ಹೇಳುವುದು ಹೇಗೆ ಅಂತ ಮೊದಲು ಚಹಾ ತರಿಸಿದೆ.

ಕೋಥ್ರೂಡ್_ಗೋಪಿ, ಪುಣೆ

ಪ್ಲಗ್ ಹಾಕಿಲ್ಲ, ದೇವರಾಣೆ. ಮುಚ್ಚಳ ತೆಗೆದೆ. ಒಳಗೆ ಜಿರಲೆ ಮೊಟ್ಟೆ ಬಿಟ್ಟರೆ ಕ್ಲೀನ್ ಇದೆ. ಕೀಬೋರ್ಡ್ ಅಡಿಯಲ್ಲಿ ಐಬಿಎಂ ಗಿಐಬಿಎಂ ಏನೂ ಇಲ್ಲ ಸೇಠ್, ಎಕ್ಸ್‌ಟಿ, ಎಟಿ ಅಂತ ಒಂದು ಸಣ್ಣ ಸ್ವಿಚ್ ಇದೆ ಅಷ್ಟೇ.

ಸ್ಲಾಟ್ ಎಂಟು. ಕ್ರಿಸ್ಟಲ್ ಮೇಲೆ 14.31818. ದೊಡ್ಡ ಚಿಪ್ಪಿನ ಮೇಲೆ ಡಿ70108ಸಿ-10 ಅಂತ ಇದೆ, ನೆಟ್ಟಿನ ಫೋಟೋಗಳಲ್ಲಿ ಇರುವ 8088 ಎಲ್ಲೂ ಕಾಣಲಿಲ್ಲ. ವಾರದ ನಂಬರ್ ಹುಡುಕಿದೆ: 8237, 8253, 8259. ಅಂದರೆ ಇದು 1982ರದ್ದು ಅಲ್ವಾ? ಇಷ್ಟು ಹಳೆಯದು ಅಂತ ಅಂದುಕೊಂಡಿರಲಿಲ್ಲ, ಖುಷಿಯಾಯಿತು!

ಒಂದು ಕಾರ್ಡ್ ಮೇಲೆ ಸಿಲಿಂಡರ್ ಥರದ ನೀಲಿ ಬ್ಯಾಟರಿ ಸೋರಿ ಹಸಿರು ಪುಡಿ ಕಟ್ಟಿದೆ.

ಇನ್ನೊಂದು ಕಾರ್ಡ್ ಬಹಳ ಉದ್ದ, ಈ ತುದಿಯಿಂದ ಆ ತುದಿವರೆಗೂ. ಅದರ ಮೇಲೆ ಸಿಡ್ಯಾಕ್ ಅಂತ ಇದೆ, ಆಮೇಲೆ ಜಿಸ್ಟ್ ಅಂತ. ಮಾನಿಟರ್ ವೈರ್ ಇದಕ್ಕೇ ಸಿಕ್ಕಿಸಿದ್ದಾರೆ. ಈ ಚಿಪ್ಪುಗಳ ಮೇಲೆ 8936, 8941 ಹೀಗಿವೆ. ಇದೇನು?

ಲ್ಯಾಮಿಂಗ್ಟನ್_ರಾವ್, ಡೊಂಬಿವಲಿ

ವರ್ಷಕ್ಕೆ 59 ವಾರ ಎಲ್ಲಿಂದ ತಂದಿರಿ ಮಾರಾಯ್ರೇ! 8237, 8253, 8259 ಅವು ಚಿಪ್ಪಿನ ಹೆಸರು, ಪ್ರತಿ ಪಿಸಿಯಲ್ಲೂ ಇರುತ್ತವೆ. ಅದರ ಕೆಳಗಿನ ಸಾಲು ನೋಡಿ, ಅಲ್ಲಿ ಇನ್ನೊಂದು ನಂಬರ್ ಇರುತ್ತದೆ. ಬೇಜಾರಾಗಬೇಡಿ, ಮೊದಲ ವರ್ಷ ನಾನೂ ಹೀಗೇ ಓದಿದ್ದೆ.

14.31818 ಅಂದರೆ ಐಬಿಎಂ ಪಿಸಿಯ ವಂಶ. ಅದನ್ನು ಮೂರರಿಂದ ಭಾಗಿಸಿದರೆ 4.77 ಮೆಗಾಹರ್ಟ್ಸ್, ಮೊದಲ ಪಿಸಿಯ ವೇಗ. ಡಿ70108 ಅಂದರೆ ಎನ್‌ಇಸಿಯ ವಿ20. ಐಬಿಎಂ ಪಿಸಿಯ ಮುಖ್ಯ ಚಿಪ್ಪಾದ 8088ರ ಜಾಗದಲ್ಲಿ ಹಾಗೇ ಕೂರುತ್ತದೆ, ಸ್ವಲ್ಪ ಜೋರಾಗಿ ಓಡುತ್ತದೆ. ಕೊನೆಯ 10 ಅಂದರೆ 10 ಮೆಗಾಹರ್ಟ್ಸ್‌ವರೆಗೆ, ಟರ್ಬೋ ಬಟನ್ ಅದಕ್ಕೇ.

ಆ ಬ್ಯಾಟರಿಯನ್ನು ಇವತ್ತೇ ಕತ್ತರಿಸಿ ತೆಗೆಯಿರಿ. ಗಡಿಯಾರ ನಡೆಸಲು ಇರುವುದು, ಅದಿಲ್ಲದೆ ಮಷೀನು ನಡೆಯುತ್ತದೆ. ಸೋರಿದ ಜಾಗಕ್ಕೆ ಹತ್ತಿಯಲ್ಲಿ ಸ್ವಲ್ಪ ವಿನಿಗರ್ ಹಚ್ಚಿ, ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಬ್ಯಾಟರಿ ಕಾರ್ಡ್ ಮೇಲಿತ್ತು, ಮದರ್‌ಬೋರ್ಡ್ ಉಳಿಯಿತು. 286, 386 ಕಾಲಕ್ಕೆ ಅದನ್ನು ಮದರ್‌ಬೋರ್ಡ್ ಮೇಲೇ ಕೂರಿಸಿದರು, ಎಷ್ಟು ಬೋರ್ಡ್ ಹೀಗೆ ಕರಗಿ ಹೋಗಿದ್ದು ನೋಡಿದ್ದೇನೆ.

ಉದ್ದ ಕಾರ್ಡಿನ ಬಗ್ಗೆ ನನಗಿಂತ ಔಂಧ್ ಅಕ್ಕ ಚೆನ್ನಾಗಿ ಹೇಳುತ್ತಾರೆ. ಅಕ್ಕಾ, ಬನ್ನಿ.

ಬೆಸುಗೆಕಡ್ಡಿ, ಔಂಧ್, ಪುಣೆ

ಬಂದೆ ಬಂದೆ. ಗೋಪಿ, ಆ ಕಾರ್ಡನ್ನು ಒಂದು ಹತ್ತಿ ಬಟ್ಟೆಯಲ್ಲಿ ಸುತ್ತಿ ನಿಮ್ಮ ಕಪಾಟಿನಲ್ಲಿ ಇಟ್ಟು ಬೀಗ ಹಾಕಿ, ಆಮೇಲೆ ಇದನ್ನು ಓದಿ.

ನಿಮ್ಮ ಮೂರು ಕಂಪ್ಯೂಟರ್‌ಗಿಂತ ನನಗೆ ಆ ಕಾರ್ಡ್ ಮುಖ್ಯ. ಸುಮ್ನೆ ಹೇಳುತ್ತಿಲ್ಲ. ಆ ಕಾಲದ ಪಿಸಿಗೆ ಇಂಗ್ಲಿಷ್ ಬಿಟ್ಟು ಬೇರೆ ಅಕ್ಷರ ಬರುತ್ತಿರಲಿಲ್ಲ. ಆಗ ಪಿಸಿ ನಡೆಸುತ್ತಿದ್ದ ಸಾಫ್ಟ್‌ವೇರ್ ಡಾಸ್. ಅದರ ತೆರೆ ಅಂದರೆ ಅಡ್ಡಕ್ಕೆ 80, ಉದ್ದಕ್ಕೆ 25 ಚೌಕದ ಮನೆ, ಒಂದು ಮನೆಗೆ ಒಂದು ಅಕ್ಷರ. ಕನ್ನಡದಲ್ಲಿ 'ಸ್ತ್ರೀ' ಅಂತ ಬರೆಯಬೇಕಾದರೆ ಯಾವ ಮನೆಯಲ್ಲಿ ಕೂರಿಸುವುದು? ಐಐಟಿ ಕಾನ್ಪುರದಲ್ಲಿ ಮೋಹನ್ ತಾಂಬೆ ಮತ್ತಿತರರು ಇದರ ಮೇಲೆ ಕೆಲಸ ಮಾಡಿದ್ದರು, 1988ರಲ್ಲಿ ಪುಣೆಯಲ್ಲಿ ಸಿಡ್ಯಾಕ್ ಅನ್ನುವ ಸರ್ಕಾರಿ ಸಂಸ್ಥೆ ಶುರುವಾದ ಮೇಲೆ ಆ ಕೆಲಸ ಇಲ್ಲಿಗೆ ಬಂತು. ಪರಮ್ ಸೂಪರ್‌ಕಂಪ್ಯೂಟರ್ ಮಾಡಿದರಲ್ಲ, ಅದೇ ಸಿಡ್ಯಾಕ್. ಪೇಪರಿನಲ್ಲಿ ಪರಮ್ ಬಂತು, ಆದರೆ ಟೈಪಿಂಗ್ ಅಂಗಡಿಗೆ, ಸರ್ಕಾರಿ ಆಫೀಸಿಗೆ ಹೊಕ್ಕಿದ್ದು ಜಿಸ್ಟ್ ಕಾರ್ಡು.

ಅದನ್ನು ಸ್ಲಾಟಿಗೆ ಸಿಕ್ಕಿಸಿದರೆ ಪಟ್ಟಿ, ಮಾಹಿತಿ ಇಡುವ ಡಿಬೇಸ್ ಥರದ ಮಾಮೂಲಿ ಡಾಸ್ ಪ್ರೋಗ್ರಾಮುಗಳಲ್ಲೇ ಕನ್ನಡ ಬರುತ್ತಿತ್ತು, ಪ್ರೋಗ್ರಾಮನ್ನು ಬದಲಾಯಿಸಬೇಕಿರಲಿಲ್ಲ. ಮಾನಿಟರ್ ವೈರ್ ಅದಕ್ಕೇ ಹೋಗಿರುವುದು ಅದಕ್ಕೆ. ನಿಮ್ಮ ಮಾವ ಚೀಟಿ ಅಂಟಿಸಿದ್ದು ಇನ್‌ಸ್ಕ್ರಿಪ್ಟ್ ಅನ್ನುವ ಕೀ ಜೋಡಣೆಗೆ ಇರಬೇಕು. ನೋಡಿ, ಸ್ವರಗಳೆಲ್ಲ ಎಡಗೈಗೆ, ವ್ಯಂಜನಗಳೆಲ್ಲ ಬಲಗೈಗೆ ಇವೆಯಾ? ಹೌದಾದರೆ ಅದೇ.

ಇದರಲ್ಲಿ ನನಗೆ ಬಹಳ ಇಷ್ಟವಾದ ಒಂದು ಸಂಗತಿ ಇದೆ. ಅಕ್ಷರಗಳನ್ನು ಒಳಗೆ ಇಸ್ಕಿ ಅನ್ನುವ ಸಂಕೇತದಲ್ಲಿ ಇಡುತ್ತಿದ್ದರು. ಅದರಲ್ಲಿ 'ಕ' ಅನ್ನುವುದಕ್ಕೆ ಕನ್ನಡಕ್ಕೂ ದೇವನಾಗರಿಗೂ ಬೆಂಗಾಲಿಗೂ ಒಂದೇ ನಂಬರ್. ಹಾಗಾಗಿ ಕನ್ನಡದಲ್ಲಿ ಟೈಪ್ ಮಾಡಿದ ಹೆಸರನ್ನು ಲಿಪಿ ಬದಲಾಯಿಸಿದರೆ ಅದೇ ಹೆಸರು ದೇವನಾಗರಿಯಲ್ಲಿ ಬಂದು ನಿಲ್ಲುತ್ತಿತ್ತು. ಪುಣೆಯಲ್ಲಿ ಇರುವ ಕನ್ನಡದವರಿಗೆ ಇದಕ್ಕಿಂತ ಏನು ಬೇಕು? ಪತ್ರ ನಮ್ಮ ಲಿಪಿಯಲ್ಲಿ, ಲಕೋಟೆಯ ಮೇಲಿನ ವಿಳಾಸ ಪೋಸ್ಟ್‌ಮ್ಯಾನ್ ಓದುವ ಲಿಪಿಯಲ್ಲಿ, ಎರಡು ಸಲ ಟೈಪ್ ಮಾಡುವುದೇ ಬೇಡ. 'ಹೆಗಡೆ', 'ಕೊಪ್ಪ' ಥರದ ಹೆಸರಿನಲ್ಲಿ ಮಾತ್ರ ಹ್ರಸ್ವ ಎ, ಒ ಬಂದು ತೊಂದರೆ, ಮರಾಠಿಯವರಿಗೆ ಆ ಗುರುತೇ ಅಭ್ಯಾಸ ಇಲ್ಲ. ಇಂದು ನಾವು ಇಲ್ಲಿ ಬರೆಯುತ್ತಿರುವ ಯೂನಿಕೋಡ್ ಕನ್ನಡದ ಅಕ್ಷರಗಳನ್ನು ಜೋಡಿಸಿರುವ ಕ್ರಮವೂ 1988ರ ಇಸ್ಕಿಯಿಂದ ಬಂದದ್ದೇ.

ಮೈನ್ ಬೋರ್ಡಿನ ವಾರ ನೋಡಿ ಹೇಳಿ. ಕಾರ್ಡಿಗಿಂತ ಹಳೆಯದಿದ್ದರೆ ಮೊದಲು ಪಿಸಿ ತಗೊಂಡು, ಆಮೇಲೆ ದುಡ್ಡು ಕೂಡಿಸಿ ಕಾರ್ಡ್ ಹಾಕಿಸಿದ್ದಾರೆ ಅಂತ ಅರ್ಥ. ಮತ್ತೆ ಫ್ಲಾಪಿ ನನ್ನ ಹತ್ತಿರ ತನ್ನಿ. ಹಳೇ ಫ್ಲಾಪಿ ಡ್ರೈವನ್ನು ಗ್ರೀಸ್‌ವೀಝಲ್ ಅನ್ನುವ ಪುಟ್ಟ ಬೋರ್ಡಿನ ಮೂಲಕ ಯುಎಸ್‌ಬಿಗೆ ಜೋಡಿಸಿದ್ದೇನೆ. ಮಾವನ ಪಿಸಿಯಲ್ಲಿ ಓದಿಸಲು ಹೋಗಬೇಡಿ. ಅಗಲ ಫ್ಲಾಪಿಯಲ್ಲೂ ಎರಡು ಜಾತಿ, 360 ಕೆ ಮತ್ತು 1.2 ಎಂಬಿ. ನಡುವಿನ ತೂತಿಗೆ ಉಂಗುರ ಅಂಟಿಸಿದ್ದರೆ ಸಾಮಾನ್ಯವಾಗಿ 360. ಅದನ್ನು 1.2ರ ಡ್ರೈವಿನಲ್ಲಿ ಓದಬಹುದು, ಬರೆಯಬಾರದು, ಬರೆದರೆ ಹಳೇ ಡ್ರೈವಿಗೆ ಆಮೇಲೆ ಸರಿಯಾಗಿ ಓದಲು ಬರುವುದಿಲ್ಲ. ಪಕ್ಕದ ಕಚ್ಚಿಗೆ ಟೇಪ್ ಹಚ್ಚಿಕೊಂಡು ಬನ್ನಿ, ತಪ್ಪಿಯೂ ಬರೆಯದ ಹಾಗೆ.

ಚೋರ್‌ಬಜಾರ್_ಸೇಠ್, ಮುಂಬೈ

ಅಕ್ಕ, ಜಿಸ್ಟ್ ಕಾರ್ಡ್ ಅಂದರೆ ಹಸಿರು ಉದ್ದ ಕಾರ್ಡ್, ಹಿಂದೆ ಎರಡು ವೈರ್ ತೂತು? ಅಂಥದ್ದು ನಾನು ಹೋದ ವರ್ಷ ಕುರ್ಲಾದಲ್ಲಿ ಬೋರ್ಡ್ ಒಡೆಯುವವನಿಗೆ ಕಿಲೋ ಲೆಕ್ಕದಲ್ಲಿ ಹಾಕಿದೆ. ಎರಡು ಇದ್ದವು.

ಬೆಸುಗೆಕಡ್ಡಿ, ಔಂಧ್, ಪುಣೆ

ಸೇಠ್, ನನಗೆ ಇದನ್ನು ಹೇಳಬಾರದಿತ್ತು ನೀವು.

ಇನ್ನು ಮುಂದೆ ಹೀಗೆ ಮಾಡಿ. ಪುಣೆಯ ಜುನಾ ಬಜಾರ್ ಬುಧವಾರ, ಭಾನುವಾರ ಕೂರುತ್ತದೆ, ನಾನು ಅಲ್ಲಿ ಡಬ್ಬಿ ನೋಡುವುದೇ ಇಲ್ಲ. ಕಾರ್ಡ್, ಮ್ಯಾನ್ಯುವಲ್, ಬಿಲ್ಲು ಕೇಳುತ್ತೇನೆ. ಬಿಲ್ಲು ಅಂದರೆ ಅಂಗಡಿಯವರು ನಗುತ್ತಾರೆ, ಕಾಗದ ಅಂತ ಪುಕ್ಕಟೆ ಕೊಡುತ್ತಾರೆ. ಅದರಲ್ಲೇ ಮಾಡೆಲ್ ಹೆಸರು, ತಾರೀಖು, ಬೆಲೆ ಎಲ್ಲ ಇರುತ್ತದೆ. ಗೋಪಿ, ಮಾವನ ಫೈಲುಗಳನ್ನು ರದ್ದಿಗೆ ಹಾಕುವ ಮುಂಚೆ ಒಮ್ಮೆ ತಿರುವಿ ಹಾಕಿ.

ಕೋಥ್ರೂಡ್_ಗೋಪಿ, ಪುಣೆ

ತಡವಾಯಿತು, ಮನೆ ಶಿಫ್ಟ್ ಮಾಡುವ ಗಡಿಬಿಡಿ.

ಮೈನ್ ಬೋರ್ಡಿನಲ್ಲಿ ಎಲ್ಲಕ್ಕಿಂತ ಹೊಸ ನಂಬರ್ 8748. ಅಂದರೆ ಅಕ್ಕ ಹೇಳಿದ ಹಾಗೇ, ಪಿಸಿ ಮೊದಲು, ಕಾರ್ಡ್ ಆಮೇಲೆ. ಬಿಲ್ಲು ಸಿಗಲಿಲ್ಲ, ಆದರೆ ಮಾವನ ಡೈರಿಯಲ್ಲಿ ಒಂದು ಕಡೆ 'ಕನ್ನಡ ಕಾರ್ಡು, ಎರಡನೇ ಕಂತು' ಅಂತ ಬರೆದಿದೆ. ಅತ್ತೆಗೆ ತೋರಿಸಿದರೆ, 'ಹೌದು, ಆ ವರ್ಷ ನನ್ನ ಪಾಟ್ಲಿ ಬಳೆ ಬ್ಯಾಂಕಿನಲ್ಲಿತ್ತು' ಅಂದರು. ಅಷ್ಟೇ ಅಂದರು, ಒಳಗೆ ಹೋದರು.

ಅಕ್ಕನ ಮನೆಗೆ ಶನಿವಾರ ಹೋಗಿದ್ದೆ. 14 ಫ್ಲಾಪಿಯಲ್ಲಿ ಮೂರಕ್ಕೆ ಬೂಸ್ಟು, ಅವನ್ನು ಬದಿಗಿಟ್ಟರು, ಆಮೇಲೆ ಕವರ್ ಕತ್ತರಿಸಿ ತೊಳೆದು ನೋಡುತ್ತಾರಂತೆ. 11 ಓದಿದವು. ಡ್ರೈವ್ ಕಟಕಟ ಅಂತ ಒಂದೊಂದೇ ಟ್ರ್ಯಾಕ್ ಓದುವಾಗ ತೆರೆಯ ಮೇಲೆ ಹಸಿರು ಚೌಕ ತುಂಬುತ್ತಾ ಹೋಗುತ್ತದೆ, ಒಂದು ಕೆಂಪು ಬಂದರೆ ಇಬ್ಬರೂ ಉಸಿರು ಬಿಗಿ ಹಿಡಿಯುತ್ತಿದ್ದೆವು.

ಬಹಳಷ್ಟು ಯಾರದೋ ಲೆಕ್ಕ. ಒಂದರಲ್ಲಿ ಡಿಬೇಸ್ ಫೈಲ್, ತೆರೆದರೆ ಬರೀ ಗೀಚು ಗೀಚು. 128ರ ಮೇಲಿನ ನಂಬರ್‌ಗಳು ಕನ್ನಡ, ಕೆಳಗಿನವು ಇಂಗ್ಲಿಷ್ ಅಂತ ಅಕ್ಕ ಹೇಳಿ, ಕೂತಲ್ಲೇ ಒಂದು ಸಣ್ಣ ಪ್ರೋಗ್ರಾಮ್ ಬರೆದು ಯೂನಿಕೋಡಿಗೆ ತಿರುಗಿಸಿದರು. ಇಲ್ಲಿನ ಒಂದು ಕನ್ನಡ ಮಂಡಳಿಯ ಸದಸ್ಯರ ಪಟ್ಟಿ! 212 ಹೆಸರು, ಹಡಪ್‌ಸರ, ಖಡಕಿ, ಪಿಂಪ್ರಿ ಎಲ್ಲ ಕಡೆಯ ವಿಳಾಸ, ಕೊನೆಯಲ್ಲಿ ಚಂದಾ ಅಂತ ಒಂದು ಕಾಲಂ. ನಮ್ಮಪ್ಪನ ಹೆಸರೂ ಇತ್ತು. ಅದರ ಮುಂದೆ 'ಬಾಕಿ 25'.

ಅತ್ತೆಗೆ ಫೋನಿನಲ್ಲಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಿಮ್ಮಪ್ಪ ಹಾಗೇ. ನೀನಾದರೂ ಕೊಟ್ಟುಬಿಡು' ಅಂದರು.

ಭಂಗಾರ್‌ವಾಲಾಗೆ ಹಂಡೆ ಒಂದನ್ನು ಕೊಟ್ಟಿದ್ದೇನೆ. ರಾವ್ ಸರ್, ಸ್ಪೆಕ್ಟ್ರಮ್ ಅಡಾಪ್ಟರ್ ಎಲ್ಲಿ ಸಿಗುತ್ತದೆ?

ಲ್ಯಾಮಿಂಗ್ಟನ್_ರಾವ್, ಡೊಂಬಿವಲಿ

ತಾಮ್ರದ ಹಂಡೆ ಕೊಟ್ಟು ತಗಡಿನ ಡಬ್ಬಿ ಇಟ್ಟುಕೊಂಡಿರಾ, ನೀವೂ ನಮ್ಮ ಪೈಕಿಯೇ ಆದಿರಿ.

ಅಡಾಪ್ಟರ್ ನನ್ನ ಹತ್ತಿರ ಒಂದು ಹೆಚ್ಚಿಗೆ ಇದೆ, ಮುಂದಿನ ವಾರ ತಮ್ಮನ ಮಗ ಪುಣೆಗೆ ಬರುವವನಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತೇನೆ. ಪಿನ್ನಿಗೆ ಕೆಂಪು ಟೇಪ್ ಸುತ್ತಿರುತ್ತೇನೆ. ಆದರೂ ಹಾಕುವ ಮುಂಚೆ ಮೀಟರ್ ಇಟ್ಟು ನೋಡಿ, ಒಳಗಡೆ ಮೈನಸ್.